ಗೀಟಿನ ಟೈರು, ಹಲ್ಲಿನ ಟೈರು

ಹೊಸ ಟೈರಿನ ವಾಸನೆ ನನಗೆ ಆಗಿಬರುವುದಿಲ್ಲ. ಮೊನ್ನೆ ಆಸ್ಪತ್ರೆಯಿಂದ ವಾಪಸಾಗುವಾಗ ಮೊಮ್ಮಗ ಕಾರನ್ನು ಸೀದಾ ಟೈರಿನ ಅಂಗಡಿಯೊಂದರ ಮುಂದೆ ನಿಲ್ಲಿಸಿ, ನನ್ನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ. ಸುತ್ತ ಕಪ್ಪು ಟೈರುಗಳ ರಾಶಿ. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅಂಗಡಿಯವನು ಎರಡು ಬಗೆಯ ಟೈರು ಉರುಳಿಸಿಕೊಂಡು ಬಂದು, ರೇಟು ಎರಡಕ್ಕೂ ಹೆಚ್ಚು ಕಡಿಮೆ ಒಂದೇ, ಯಾವುದು ಬೇಕೋ ನೋಡಿ ಸಾರ್ ಎಂದ. ಶುರುವಾಯಿತು ನೋಡಿ ನನ್ನ ಮೊಮ್ಮಗನ ತನಿಖೆ. ಒಬ್ಬ ಗೆಳೆಯನಿಗೆ ಫೋನು, ಇನ್ನೊಬ್ಬನಿಗೆ ಫೋಟೊ, ಮೊಬೈಲಿನಲ್ಲಿ ಏನೋ ಹುಡುಕುವುದು, ಮತ್ತೆ ಟೈರಿನ ಮೇಲೆ ಬೆರಳಾಡಿಸುವುದು. ನಾನು ಸಹಿಸಿದೆ, ಸಹಿಸಿದೆ, ಕೊನೆಗೆ "ಯಾವ್ದಾದ್ರೂ ಒಂದು ಹಾಕ್ಸೋ! ಹೊತ್ತು ಹೋಗ್ತೈತೆ!" ಎಂದು ಕೂಗಿಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಜ್ಜಿಗೆ ಹಸಿವಾಗಿರಬೇಕು ಎಂದು ಮೊಮ್ಮಗ ನಕ್ಕ. ಅವನಿಗೇನು ಗೊತ್ತು, ಪಾಪ.

ನಮ್ಮ ಪಕ್ಕದ ಮನೆಯ ಮಾವ ನೆನಪಾಗಿದ್ದರು. ಸ್ವಂತ ಮಾವನಲ್ಲ. ಎರಡು ಮನೆಗೂ ಒಂದೇ ಗೋಡೆ, ಹಿತ್ತಿಲಿನ ಬಾವಿಯೂ ಒಂದೇ, ಹಾಗಾಗಿ ಅವರು ಮಾವ, ಅವರ ಹೆಂಡತಿ ಅತ್ತೆ. ನಾನು ಹೇಳುತ್ತಿರುವುದು ಐವತ್ತರ ದಶಕದ ಕೊನೆಯ ಮಾತು. ಆಗ ಶಿಕಾರಿಪುರದಲ್ಲಿ ಕಾರು ಎಂದರೆ ಬೆರಳಲ್ಲಿ ಎಣಿಸುವಷ್ಟು. ಮಾವನ ಹತ್ತಿರ ಒಂದು ಹಳೆಯ ಬಾಡಿಗೆ ಕಾರಿತ್ತು. ಶಿರಾಳಕೊಪ್ಪದ ಮೇಲೆ ಸೊರಬ, ಅಲ್ಲಿಂದ ಒಳಗಿನ ಹಳ್ಳಿಗಳು, ಹೀಗೆ ಓಡುತ್ತಿತ್ತು. ಅದರಲ್ಲಿ ಹೆಚ್ಚಾಗಿ ಕೂರುತ್ತಿದ್ದವರು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು. ಎತ್ತಿನ ಗಾಡಿಯ ಕುಲುಕಾಟಕ್ಕೆ ಹೆದರಿದ ತಾಯಂದಿರು ಮಾವನ ಕಾರನ್ನೇ ಗೊತ್ತು ಮಾಡುತ್ತಿದ್ದರು. ಊರಿನವರು ಅದಕ್ಕೆ "ತವರಿನ ಕಾರು" ಎಂದು ಹೆಸರಿಟ್ಟಿದ್ದರು. ಬಸುರಿಯರು ಹತ್ತಿದಾಗ ಮಾವ ಎಷ್ಟು ನಿಧಾನ ಓಡಿಸುತ್ತಿದ್ದರೆಂದರೆ, ಸೈಕಲ್ಲಿನವರು ಗಂಟೆ ಬಾರಿಸಿ ಮುಂದೆ ಹೋಗುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ನನಗಿಂತ ಸ್ವಲ್ಪ ದೊಡ್ಡವಳು, ನನ್ನ ಜೀವದ ಗೆಳತಿ. ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ಅವಳ ಮದುವೆಯ ದಿನ ನಾನು ಮೂಲೆಯಲ್ಲಿ ಕೂತು ಅಳುತ್ತಿದ್ದರೆ, ಬಾಸಿಂಗ ಕಟ್ಟಿಕೊಂಡೇ ಬಂದು, "ನಿಂಗೆ ಗಂಡು ಹುಡ್ಕೋ ಹೊತ್ತಿಗೆ ನಾನು ಅಜ್ಜಿ ಆಗಿರ್ತೀನಿ, ಈಗ್ಲೇ ಯಾಕಳ್ತೀಯೇ?" ಎಂದು ಚಿವುಟಿ ಹೋದಳು. ಕೊಟ್ಟಿದ್ದು ಸೊರಬದ ಆಚೆ, ಉಳವಿಯಿಂದ ಒಳಕ್ಕೆ ಹೋಗುವ ಒಂದು ಸಣ್ಣ ಹಳ್ಳಿಗೆ. ಗದ್ದೆ ಇದ್ದ ಮನೆ, ಒಳ್ಳೆಯ ಜನ. ದಾರಿ ಮಾತ್ರ ದೇವರಿಗೇ ಪ್ರೀತಿ.

ಮರುವರ್ಷ ಅವಳು ಬಸುರಿ ಎಂಬ ಸುದ್ದಿ ಬಂದಾಗ ಮಾವ ಬೀದಿಯವರಿಗೆಲ್ಲ ಸಕ್ಕರೆ ಹಂಚಿದರು. ಅತ್ತೆಯ ಮುಖದಲ್ಲಿ ಮಾತ್ರ ಅಂಥ ಗೆಲುವಿರಲಿಲ್ಲ. ಅತ್ತೆಗೆ ಚೊಚ್ಚಲ ಹೆರಿಗೆ ಬಹಳ ಕಷ್ಟವಾಗಿತ್ತು, ಬದುಕಿ ಉಳಿದದ್ದೇ ಹೆಚ್ಚು. ಮಗಳದೂ ತಾಯಿಯದೇ ಮೈಕಟ್ಟು, ಅವಳನ್ನು ಹಳ್ಳಿಯಲ್ಲಿ ಬಿಡಬೇಡಿ ಎಂದು ನಮ್ಮ ಬೀದಿಯ ಸೂಲಗಿತ್ತಿಯೇ ಹೇಳಿದ್ದಳು. ನಮ್ಮೂರಿನಲ್ಲಿ ಆಗ ಲೇಡಿ ಡಾಕ್ಟರೊಬ್ಬರು ಇದ್ದರು. ಮಗಳು ನಮ್ಮೂರಿಗೆ ಬಂದುಬಿಟ್ಟರೆ ಸಾಕು ಎಂದು ಅತ್ತೆ ದಿನಾ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಬೇರೆ ಯಾವ ಬೇಡಿಕೆಯೂ ಅವರಿಗಿರಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಬಸುರಿಯನ್ನು ತವರಿಗೆ ಕರೆತರುವುದು ಏಳನೆಯ ತಿಂಗಳಲ್ಲಿ. ಅದು ತಪ್ಪಿದರೆ ಒಂಬತ್ತರಲ್ಲಿ. ಎಂಟರಲ್ಲಿ ಊರ ಗಡಿ ದಾಟಿಸುವಂತಿಲ್ಲ. ಯಾಕೆ ಎಂದು ಕೇಳಿದರೆ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಆದರೆ ಹಾಗೆ ಮಾಡಿದವರನ್ನು ಅವಳು ಬದುಕಿನಲ್ಲಿ ಕಂಡಿರಲಿಲ್ಲ. ಸೀಮಂತ ಆದದ್ದು ಏಳನೆಯ ತಿಂಗಳಲ್ಲೇ, ಯುಗಾದಿ ಕಳೆದ ಮೇಲೆ, ಗಂಡನ ಮನೆಯಲ್ಲಿ. ಸೀಮಂತಕ್ಕೆ ಹೋದ ತವರಿನವರು ಮಗಳನ್ನು ಜೊತೆಯಲ್ಲೇ ಕರೆತರುವುದು ರೂಢಿ. ಬೀಗರು ಕಮಾನು ಗಾಡಿ ಹೂಡಿ, ಒಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹೊದಿಸಿ ಸಿದ್ಧವಾಗಿಟ್ಟಿದ್ದರಂತೆ. ಉಳವಿಯವರೆಗೆ ಗಾಡಿ, ಅಲ್ಲಿಂದ ಬಸ್ಸು. ಮಾವ ಒಪ್ಪಲಿಲ್ಲ.

ಅವರ ಕಾರು ಆಗ ಮನೆಯ ಮುಂದೆ ಇಟ್ಟಿಗೆಯ ಮೇಲೆ ನಿಂತಿತ್ತು. ಟೈರುಗಳು ಸವೆದು ಒಳಗಿನ ನೂಲು ಕಾಣುತ್ತಿತ್ತು. ಅದಕ್ಕೆ ಕೆಲವು ವಾರ ಮೊದಲು ಶಿರಾಳಕೊಪ್ಪದ ಹತ್ತಿರ ಒಂದು ಟೈರು ಒಡೆದು, ಕಾರು ಚರಂಡಿಗೆ ಇಳಿದಿತ್ತು. ಒಳಗೊಬ್ಬಳು ತುಂಬು ಬಸುರಿ. ಅವಳಿಗೆ ಏನೂ ಆಗಲಿಲ್ಲ, ಆದರೆ ಮಾವ ಆ ದಿನ ಮನೆಗೆ ಬಂದವರು ಊಟ ಮಾಡದೆ ಮಲಗಿದ್ದರು. ಹೊಸ ಟೈರು ಹಾಕಿಸದೆ ಕಾರು ತೆಗೆಯುವುದಿಲ್ಲ ಎಂದು ಆಣೆ ಮಾಡಿದ್ದರು. ಅದೂ ಅಲ್ಲದೆ... ಊರಿನ ಹೆಣ್ಣುಮಕ್ಕಳನ್ನೆಲ್ಲ ತಮ್ಮ ಕಾರಿನಲ್ಲಿ ತವರಿಗೆ ತಂದವರು, ತಮ್ಮ ಮಗಳನ್ನು ಗಾಡಿಯಲ್ಲಿ, ಬಸ್ಸಿನಲ್ಲಿ ತರುವುದೇ? "ಒಂದು ವಾರ ತಡೀರಿ. ಹೊಸ ಟೈರಲ್ಲೇ ಬಂದು ಕರ್ಕಂಡು ಹೋಗ್ತೀನಿ" ಎಂದು ಬೀಗರಿಗೆ ಹೇಳಿ, ಅತ್ತೆಯೊಬ್ಬರನ್ನೇ ಕರೆದುಕೊಂಡು ಬಂದರು. ಗಾಡಿಯ ಎತ್ತು ಬಿಚ್ಚಿದ್ದನ್ನು ಅತ್ತೆ ಆಮೇಲೆ ಎಷ್ಟೋ ಸಲ ನನಗೆ ಹೇಳಿದ್ದಾರೆ.

ಟೈರು ಎರಡು ಕಡೆ ಸಿಗುತ್ತಿತ್ತು. ಶಿವಮೊಗ್ಗದ ಅಂಗಡಿಯಲ್ಲಿದ್ದ ಜೊತೆಯ ಮೇಲೆ ಉದ್ದುದ್ದ ಗೀಟುಗಳಿದ್ದವು. ದಾವಣಗೆರೆಯ ಅಂಗಡಿಯಲ್ಲಿದ್ದ ಜೊತೆಯ ಮೇಲೆ ದಪ್ಪ ದಪ್ಪ ಹಲ್ಲುಗಳು. ಎರಡೂ ಕಂಪನಿಯ ಹೆಸರು ಹೇಳಲು ಮಾವನಿಗೆ ನಾಲಿಗೆ ಹೊರಳದೆ, ಒಂದು ಗೀಟಿನದು, ಒಂದು ಹಲ್ಲಿನದು ಎಂದು ಕರೆದರು. ಬೆಲೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ವ್ಯತ್ಯಾಸ ಇದ್ದಿದ್ದರೆ ಒಳ್ಳೆಯದಾಗುತ್ತಿತ್ತು, ಅಗ್ಗದ್ದನ್ನು ತಂದು ಸುಮ್ಮನಾಗುತ್ತಿದ್ದರು.

ಮಾವನ ಲೆಕ್ಕ ಹೀಗಿತ್ತು. ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆಗೆ ಜಲ್ಲಿಯ ರಸ್ತೆ, ಬೇಸಿಗೆಯಲ್ಲಿ ಕಾದ ಹೆಂಚು. ಅದಕ್ಕೆ ಗೀಟಿನದು ಒಳ್ಳೆಯದು, ಬಿಸಿ ತಡೆಯುತ್ತದೆ, ಒಡೆಯುವುದಿಲ್ಲ. ಸೊರಬ ದಾಟಿದ ಮೇಲೆ ಮಣ್ಣಿನ ದಾರಿ. ಅದಕ್ಕೆ ಹಲ್ಲಿನದು ಬೇಕು, ಕಚ್ಚಿ ಹಿಡಿಯುತ್ತದೆ. ಮಗಳು ಇರುವುದು ಮಣ್ಣಿನ ಆ ತುದಿಯಲ್ಲಿ, ತರಬೇಕಾದದ್ದು ಜಲ್ಲಿಯ ಈ ತುದಿಗೆ. ಯಾವುದನ್ನು ಹಾಕುವುದು? ಕಂಡಕಂಡವರನ್ನೆಲ್ಲ ಕೇಳಿದರು. ಬಸ್ ಡ್ರೈವರು ಗೀಟಿನದು ಎಂದ. ಅಕ್ಕಿ ಗಿರಣಿಯ ಲಾರಿಯವನು ಹಲ್ಲಿನದು ಎಂದ. ಕಾರು ರಿಪೇರಿಯವನು, "ಮುಂದೆ ಗೀಟು, ಹಿಂದೆ ಹಲ್ಲು ಹಾಕ್ರಲ್ಲ, ಜಗಳಾನೇ ಬ್ಯಾಡ" ಎಂದ. ಮಾವನಿಗೆ ಇದು ಕುಚೋದ್ಯ ಎನಿಸಿ ಅವನ ಹತ್ತಿರ ಎರಡು ದಿನ ಮಾತು ಬಿಟ್ಟರು. ಒಂದು ಸಲ ಶಿವಮೊಗ್ಗಕ್ಕೆ ಹೋಗಿ ನೋಡಿ ಬರಿಗೈಯಲ್ಲಿ ಬಂದರು. ಇನ್ನೊಂದು ಸಲ ದಾವಣಗೆರೆಗೆ ಹೋಗಿ ಹಾಗೇ ಬಂದರು. ಬೆಳಿಗ್ಗೆ ಗೀಟು ಎಂದು ಏಳುವರು, ಸಂಜೆಯ ಹೊತ್ತಿಗೆ ಹಲ್ಲಾಗಿರುತ್ತಿತ್ತು.

ನಮಗೆಲ್ಲ ಆಗ ಅದು ತಮಾಷೆ. ನಾನಂತೂ ಬಾವಿಕಟ್ಟೆಯಿಂದಲೇ "ಮಾವಾ, ಇವತ್ತು ಗೀಟೋ ಹಲ್ಲೋ?" ಎಂದು ಕೂಗುತ್ತಿದ್ದೆ. ಅತ್ತೆಯೂ ಬಿಡುತ್ತಿರಲಿಲ್ಲ. "ನಿಮ್ಮನ್ನ ಒಪ್ಪೋವಾಗ ನಮ್ಮಪ್ಪ ಇಷ್ಟು ಯೋಚ್ನೆ ಮಾಡಿದ್ದಿದ್ರೆ ನಾನು ಈ ಮನಿಗೆ ಬರ್ತಿದ್ದಿಲ್ಲ ಬಿಡ್ರಿ" ಎನ್ನುತ್ತಿದ್ದರು. ಕೊನೆಗೆ ಮಾವ ದೇವರ ಮೊರೆಹೊಕ್ಕರು. ಮನೆದೇವರ ಮೂರ್ತಿಗೆ ಎರಡೂ ಭುಜದ ಮೇಲೆ ಒದ್ದೆ ಹೂವು ಅಂಟಿಸಿ, ಗೀಟಿನದಾದರೆ ಬಲಕ್ಕೆ ಕೊಡು ಎಂದು ಕೈಮುಗಿದು ಕೂತರು. ಬಲಗಡೆಯ ಹೂವು ಬಿತ್ತು. ಸಮಾಧಾನವಾಗಬೇಕಿತ್ತು ತಾನೆ? ಮರುದಿನ, ಹಲ್ಲಿನದಾದರೆ ಬಲಕ್ಕೆ ಕೊಡು ಎಂದು ಮತ್ತೆ ಕೇಳಿದರು. ದೇವರು ಆಗಲೂ ಬಲಕ್ಕೇ ಕೊಟ್ಟ. "ದೇವ್ರು ಏನು ಕಾರು ಓಡ್ಸ್ಯಾನೇನ್ರೀ? ಪಾಪ, ಅವನನ್ನ್ಯಾಕೆ ಗೋಳು ಹುಯ್ಕಂತೀರಿ!" ಎಂದು ಅತ್ತೆ ಸಿಡುಕಿದರು. ನಾವು ಬಿದ್ದು ಬಿದ್ದು ನಕ್ಕೆವು. ನಮ್ಮಜ್ಜಿ ಮಾತ್ರ ನಗದೆ, ಗಾಳಿ ಬಂದಾಗ ತೂರಿಕೊಳ್ಳಬೇಕು, ತಿಂಗಳು ಹೋಗುತ್ತಿದೆ ಎಂದು ಗೊಣಗಿದಳು. ಇನ್ನೂ ದಿನ ಇದೆಯಲ್ಲ ಎಂದರು ಮಾವ.

ದಿನ ಇರಲಿಲ್ಲ. ಅವರು ಅಂತೂ ಇಂತೂ ಮನಸ್ಸು ಮಾಡಿ ದಾವಣಗೆರೆಯಿಂದ ಹಲ್ಲಿನ ಜೊತೆಯನ್ನು ತಂದು ಹಾಕಿಸುವ ಹೊತ್ತಿಗೆ ಮಗಳಿಗೆ ಎಂಟು ಹತ್ತಿತ್ತು. ಟೈರು ಹಾಕಿಸಿಕೊಂಡು ಬಂದು ಹಾರ್ನ್ ಹೊಡೆದರು. ಅತ್ತೆ ಹೊರಗೆ ಬಂದು ಕಾರನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ. "ಎಂಟು ಬಿದ್ದೈತ್ರೀ" ಎಂದಷ್ಟೇ ಹೇಳಿ ಒಳಗೆ ಹೋದರು. ಬೀದಿಯಲ್ಲಿ ಹೊಸ ರಬ್ಬರಿನ ವಾಸನೆ ಹರಡಿತ್ತು. ಆಗ ನನಗೆ ಅದು ಹಿತವಾಗಿಯೇ ಇತ್ತು...

ಆ ಒಂದು ತಿಂಗಳು ಮಾವ ಕಾರನ್ನು ದಿನಾ ಒರೆಸುತ್ತಿದ್ದರು. ಬಾಡಿಗೆಗೂ ತೆಗೆಯಲಿಲ್ಲ, ಹಲ್ಲು ಸವೆಯಬಾರದಲ್ಲ. ಒಂಬತ್ತು ಹತ್ತುವ ಹೊತ್ತಿಗೆ ಮೃಗಶಿರಾ ಮಳೆ ಹಿಡಿದು ಕೂತಿತ್ತು. ದಿನ ನೋಡಿ ಹೊರಟೆವು. ಜೊತೆಗೆ ಇರಲಿ ಎಂದು ಅತ್ತೆ ನನ್ನನ್ನೂ ಕೂರಿಸಿಕೊಂಡರು. ಗೆಳತಿಗೆಂದು ನಾನು ಹುಣಿಸೆಹಣ್ಣಿನ ಚಿಗಳಿ ಕಟ್ಟಿಕೊಂಡಿದ್ದೆ. ಸೊರಬದವರೆಗೆ ಕಾರು ಚೆನ್ನಾಗಿಯೇ ಓಡಿತು. ಉಳವಿ ದಾಟುವಾಗಲೂ ಮಾವ "ನೋಡವ್ವಾ, ಹೆಂಗೆ ಕಚ್ಚಿ ಹಿಡಿತೈತೆ!" ಎಂದು ಹಿಂದೆ ತಿರುಗಿ ನಗುತ್ತಿದ್ದರು. ಆಮೇಲೆ ಜೇಡಿಮಣ್ಣಿನ ದಾರಿ ಬಂತು. ಹಲ್ಲುಗಳ ಸಂದಿಯಲ್ಲೆಲ್ಲ ಮಣ್ಣು ಮೆತ್ತಿಕೊಂಡು ಟೈರು ಲಿಂಗದ ಹಾಗೆ ನುಣ್ಣಗಾಯಿತು. ಕಾರು ಅಡ್ಡಡ್ಡ ಜಾರಿ, ಒಂದು ತಗ್ಗಿನಲ್ಲಿ ಹೊಟ್ಟೆಯವರೆಗೆ ಹೂತುಕೊಂಡಿತು. ಮಾವ ಇಳಿದು ಕೋಲಿನಿಂದ ಹಲ್ಲು ಹಲ್ಲಿನ ಮಣ್ಣು ಕೆರೆದರು, ಸೊಪ್ಪು ಹಾಕಿದರು, ನಾನೂ ಅತ್ತೆಯೂ ಹಿಂದಿನಿಂದ ನೂಕಿದೆವು. ಅದು ಇನ್ನಷ್ಟು ಇಳಿಯಿತು.

ಎದುರಿನಿಂದ ಬರಿ ಎತ್ತು ಹೊಡೆದುಕೊಂಡು ಒಬ್ಬ ಬಂದ. ಅವನ ಗಾಡಿಯೂ ಮುಂದೆ ಎಲ್ಲೋ ಹೂತಿತ್ತಂತೆ. "ಈ ಮಣ್ಣಿಗೆ ಎತ್ತಿನ ಕಾಲೇ ನಿಲ್ತಿಲ್ಲ ಮಾರಾಯ್ರೆ, ನಿಮ್ಮ ರಬ್ಬರು ಎಂತ ಮಾಡ್ತದೆ?" ಎಂದ. ನಾವು ಯಾರ ಮನೆಗೆ ಹೊರಟವರು ಎಂದು ಕೇಳಿದ. ಹೇಳಿದೆವು. ಅವನು ಎತ್ತುಗಳನ್ನು ತಡೆದು ನಿಲ್ಲಿಸಿ, ಆ ಮನೆಯ ಸೊಸೆ ನಿನ್ನೆಯಿಂದ ಹೆರಿಗೆ ಬೇನೆ ತಿನ್ನುತ್ತಿದ್ದಾಳೆ, ದಿನ ತುಂಬುವ ಮೊದಲೇ ಶುರುವಾಗಿದೆ ಎಂದ. ಅತ್ತೆ ಸೀರೆ ಮೇಲಕ್ಕೆ ಕಟ್ಟಿ ಕೆಸರಿನಲ್ಲಿ ಓಡತೊಡಗಿದರು. ಮಾವ ಕಾರಿನ ಬಾಗಿಲು ಹಾಕುವುದನ್ನೂ ಮರೆತು ಹಿಂದೆಯೇ ಓಡಿದರು.

ಅವಳಿಗೆ ಜೀವವಿತ್ತು. ಕೋಣೆಯಲ್ಲಿ ಮಲಗಿಸಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ಸೂಲಗಿತ್ತಿ ಬಾಗಿಲಲ್ಲಿ ಕೂತು, ತನ್ನ ಕೈಯಲ್ಲಿ ಇನ್ನು ಏನೂ ಇಲ್ಲ, ದೊಡ್ಡಾಸ್ಪತ್ರೆಯೇ ಆಗಬೇಕು ಎನ್ನುತ್ತಿದ್ದಳು. ನನ್ನನ್ನು ನೋಡಿ ಗೆಳತಿಯ ತುಟಿ ಅಲುಗಿತು. ಏನೋ ತಮಾಷೆ ಮಾಡಲು ಹೊರಟಿದ್ದಳು, ಆಗಲಿಲ್ಲ. ಅಪ್ಪನನ್ನು ಕಂಡು, "ಕಾರು ತಂದ್ಯೇನಪ್ಪಾ?" ಎಂದಳು.

"ತಂದೀನವ್ವ. ಬಾಗ್ಲಲ್ಲೇ ಐತೆ."

ಕಾರು ಎಲ್ಲಿತ್ತು, ನಾವು ಎಲ್ಲಿದ್ದೆವು! ಮನೆಯ ಗಂಡಸರು ಹಗ್ಗದ ಹೊರಸಿಗೆ ಬಿದಿರು ಕಟ್ಟಿ, ಕಂಬಳಿ ಮುಚ್ಚಿ, ಅವಳನ್ನು ಹೊತ್ತುಕೊಂಡು ಉಳವಿಯ ಕಡೆಗೆ ಹೊರಟರು. ಮಾವ ಪಕ್ಕದಲ್ಲೇ ನಡೆಯುತ್ತ, "ಇನ್ನೇನು ಬಂತು, ಇನ್ನೇನು ಬಂತು" ಎನ್ನುತ್ತಿದ್ದರು. ಕಾರು ಇನ್ನೂ ಕಾಣುವ ಮೊದಲೇ, ಗದ್ದೆ ಬದುವಿನ ಹತ್ತಿರ, ಅತ್ತೆ "ಇಳಿಸ್ರಿ" ಎಂದರು. ತಾಯಿಯ ಕೈ ಮಗಳ ಕೈಯಲ್ಲಿತ್ತು, ಅವರಿಗೆ ಮೊದಲು ಗೊತ್ತಾಯಿತು. ಮಗು ಒಳಗೇ ಹೋಯಿತು. ಚಿಗಳಿ ನನ್ನ ಸೆರಗಿನ ಗಂಟಿನಲ್ಲೇ ಇತ್ತು... ಅದನ್ನು ಏನು ಮಾಡಿದೆನೋ ನೆನಪಿಲ್ಲ.

ಕಾರನ್ನು ಮಳೆ ನಿಂತ ಮೇಲೆ ಯಾರೋ ಎತ್ತು ಕಟ್ಟಿ ಎಳೆಸಿ ತಂದರು. ಮಾವ ಅದನ್ನು ಮತ್ತೆ ಓಡಿಸಲಿಲ್ಲ. ಬಸುರಿಯನ್ನು ಕರೆತರಲು ಬಾಡಿಗೆ ಕೇಳಿಕೊಂಡು ಯಾರೂ ಬರಲೂ ಇಲ್ಲ, ಅಪಶಕುನದ ಕಾರಾಗಿಬಿಟ್ಟಿತ್ತು. ಅವರು ಜಗಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೇಳುತ್ತಿದ್ದರು. ಗೀಟಿನದು ತಗೊಂಡಿದ್ದರೆ ಮಣ್ಣು ಮೆತ್ತುತ್ತಿರಲಿಲ್ಲ ಅಲ್ಲವೇ? ಗೀಟಿನ ಸಂದಿಯಲ್ಲಿ ಮಣ್ಣು ನಿಲ್ಲುವುದಿಲ್ಲ ಅಲ್ಲವೇ? ಹೌದು ಎಂದರೆ ತಲೆ ಬಡಿದುಕೊಳ್ಳುವರು. ಅಲ್ಲ ಎಂದರೆ ಮುಂದಿನವರನ್ನು ಕೇಳುವರು. ಬೀದಿಯಲ್ಲಿ ಮೊದಮೊದಲು ಅಯ್ಯೋ ಎಂದರು, ಆಮೇಲೆ ಅವರ ಜಗಲಿ ತಪ್ಪಿಸಿ ಆಚೆ ಬದಿಯಲ್ಲಿ ನಡೆಯತೊಡಗಿದರು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಮಾವಾ, ಆ ದಾರಿಯಲ್ಲಿ ಎತ್ತೇ ನಿಲ್ಲಲಿಲ್ಲ, ಯಾವ ಟೈರಾದರೂ ಅಷ್ಟೇ ಆಗುತ್ತಿತ್ತು ಎಂದು ಹೇಳಲು ಬಾಯಿ ತೆರೆದೆ. ಅತ್ತೆ ಒಳಗಿನಿಂದ ಬಂದವರೇ ನನ್ನ ರಟ್ಟೆ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದರು. ಅಷ್ಟು ಬಿಗಿಯಾಗಿ ಅವರು ಯಾರನ್ನೂ ಹಿಡಿದದ್ದನ್ನು ನಾನು ಕಂಡಿರಲಿಲ್ಲ.

"ಟೈರಿನ ಮ್ಯಾಲೇ ಇರ್ಲಿ ಬಿಡವ್ವ. ಟೈರಲ್ಲ ಅಂದ್ರೆ ಮತ್ತೇನು ಅಂತ ಹುಡುಕ್ತಾರೆ. ಏಳ್ರಾಗೆ ಗಾಡಿ ಹೂಡಿ ನಿಲ್ಸಿದ್ರು, ನಾನೇ ಬ್ಯಾಡ ಅಂದೆ ಅನ್ನೋದು ತಲಿಗೆ ಬಂದ್ರೆ ಈ ಬಾವಿಗೆ ಬೀಳ್ತಾರೆ."

ಆ ದಿನ ನನಗೆ ಅತ್ತೆಯ ಮೇಲೆ ಎಂಥ ಗೌರವ ಹುಟ್ಟಿತೋ ಹೇಳಲಾರೆ. ಮಗಳನ್ನು ಕಳೆದುಕೊಂಡವರು, ಯಾರಿಂದ ಎಂದು ತಿಳಿದೂ, ಗಂಡನ ತಟ್ಟೆಗೆ ದಿನಾ ಬಿಸಿ ರೊಟ್ಟಿ ಹಾಕುತ್ತ, ಟೈರಿಗೆ ಶಾಪ ಹಾಕುವವರ ಜೊತೆ ತಾವೂ ಶಾಪ ಹಾಕುತ್ತಿದ್ದರು. ನಾನೂ ಹಾಕಿದೆ. ಮದುವೆಯಾಗಿ ಹೋದ ಮೇಲೆ ತವರಿಗೆ ಬಂದಾಗಲೆಲ್ಲ ಮಾವ ಕೇಳುವ ಮೊದಲೇ, ಆ ಹಲ್ಲಿನದು ತರಬಾರದಿತ್ತು ಮಾವಾ ಎನ್ನುತ್ತಿದ್ದೆ.

ಹೀಗೇ ಎಷ್ಟೋ ವರ್ಷ ಕಳೆದವು. ಮಾವ ಹಣ್ಣು ಹಣ್ಣಾಗಿದ್ದರು. ಒಂದು ಮಧ್ಯಾಹ್ನ ಹೋದಾಗ ಅತ್ತೆ ಕಾಫಿ ಇಡಲು ಒಳಗೆ ಹೋದರು. ನಾನು ಎಂದಿನಂತೆ ಟೈರಿನ ಮಾತು ಎತ್ತಿದೆ. ಮಾವ ಕೈ ಅಡ್ಡ ಹಿಡಿದರು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಏಳ್ರಾಗೆ ಗಾಡಿ ಹೂಡಿದ್ರವ್ವ. ಬ್ಯಾಡ ಅಂದೋನು ನಾನೇ. ಅವತ್ತಿಂದ ಗೊತ್ತೈತೆ ನಂಗೆ. ನಿಮ್ಮತ್ತೆಗೆ ಇದು ಹೊಳ್ದಿಲ್ಲ, ಟೈರು ಅಂತ್ಲೇ ತಿಳ್ಕಂಡಾಳೆ. ಹೇಳ್ಬ್ಯಾಡ. ಗೊತ್ತಾದ್ರೆ ನನ್ನ ಮುಖ ಹೆಂಗೆ ನೋಡ್ತಾಳೆ?"

ಒಳಗೆ ಬಳೆಯ ಸದ್ದಾಯಿತು. ಮಾವ ತಟ್ಟನೆ ದನಿ ಏರಿಸಿ, "ಗೀಟಿಂದೇ ತರ್ಬೇಕಿತ್ತು ಕಣವ್ವಾ!" ಎಂದರು. ಅತ್ತೆ ಕಾಫಿಯ ಲೋಟ ಅವರ ಮುಂದಿಟ್ಟು, "ಹೌದ್ರಿ, ಗೀಟಿಂದೇ ತರ್ಬೇಕಿತ್ತು" ಎಂದರು. ನಾನು ತಲೆ ಎತ್ತಲಿಲ್ಲ.

ಮೊದಲು ಮಾವ ಹೋದರು. ಅವರ ತಿಥಿಯ ದಿನ ಅತ್ತೆ ನನ್ನ ಪಕ್ಕ ಕೂತು, ಕೊನೆಯವರೆಗೂ ಅವರಿಗೆ ಗೊತ್ತಾಗದ ಹಾಗೆ ನೋಡಿಕೊಂಡೆ, ಅದೊಂದು ಪುಣ್ಯ ನನ್ನದು ಎಂದರು. ನಾನು ಹೂಂ ಎಂದೆ. ಬೇರೆ ಏನು ಹೇಳಲಿ? ಅವರ ಕೈಯಲ್ಲಿ ಉಳಿದದ್ದು ಅದೊಂದೇ. ಅದನ್ನೇ ಹಿಡಿದುಕೊಂಡು ಅವರೂ ಹೋದರು.

ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಬಾವಿಯನ್ನು ಮುಚ್ಚಿಸಿದ್ದಾರೆ. ಉಳವಿಯ ಆಚೆಗೂ ಟಾರು ರಸ್ತೆಯಾಗಿದೆ ಎನ್ನುತ್ತಾರೆ, ನಾನು ಮತ್ತೆ ಆ ಕಡೆ ಹೋಗಿಲ್ಲ. ಗೆಳತಿಯದೊಂದು ಫೋಟೊ ಕೂಡ ಎಲ್ಲೂ ಇಲ್ಲ. ಅವಳ ಮುಖ ಕಂಡವರಲ್ಲಿ ಉಳಿದವಳು ನಾನೊಬ್ಬಳೇ, ಮತ್ತು ಈಚೆಗೆ ನನಗೂ ಅದು ಸರಿಯಾಗಿ ಹೊಳೆಯುತ್ತಿಲ್ಲ.